ಸುಣ್ಣದ ಬೀದಿಯ ಉಲ್ಟಾ ರೀಲು

ನಮ್ಮ ಬೀದಿಯ ಮೂವತ್ತೈದು ಜನರ ವಯಸ್ಸು ಉಲ್ಟಾ ಆದದ್ದು ನನ್ನ ನೆಗಡಿಯಿಂದ ಎಂದು ನಾನು ಹೇಳುತ್ತೇನೆ. ನನ್ನ ಗಂಡ ಹಾಲೇಶ ಸ್ನಾನದ ಅವಸರದಲ್ಲಿ ಬಚ್ಚಲಲ್ಲಿದ್ದ ರೀಲು ತೊಳೆಯುವ ಬೇಸಿನ್ನುಗಳನ್ನು ಅತ್ತಿತ್ತ ಸರಿಸಿದ್ದರಿಂದ ಎಂದು ಬೀದಿಯವರು ಹೇಳುತ್ತಾರೆ. ಎರಡೂ ನಿಜವೇ. ನೆಗಡಿ ಇಲ್ಲದಿದ್ದರೆ ಹೈಪೋ ಎಂಬ ದ್ರಾವಣದ ಹುಳಿ ವಾಸನೆ ಮೂಗಿಗೆ ಹತ್ತುತ್ತಿತ್ತು. ಬೇಸಿನ್ನು ಸರಿಯದಿದ್ದರೆ ವಾಸನೆ ನೋಡುವ ಅಗತ್ಯವೇ ಬರುತ್ತಿರಲಿಲ್ಲ.

ನಮ್ಮೂರಲ್ಲಿ ವರ್ಷಕ್ಕೊಮ್ಮೆ ಗೋಡೆ ದಿನ. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಹಳೆಯ ಹತ್ತಿ ಗೋದಾಮಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಒಂದೊಂದೇ ಬೀದಿಯ ರೀಲನ್ನು ಯಂತ್ರಕ್ಕೆ ಹಾಕಿ ಗೋಡೆಯ ಮೇಲೆ ಬಿಡುತ್ತಾರೆ. ಗೋಡೆಯ ಮೇಲೆ ನೀವು ಹೇಗೆ ಕಂಡಿರೋ, ಮುಂದಿನ ಗೋಡೆ ದಿನದವರೆಗೆ ನೀವು ಹಾಗೆ. ಗುಮಾಸ್ತ ಶಂಭುರಾಯರ ಪುಸ್ತಕದಲ್ಲಿ ಎರಡೇ ಕಲಮುಗಳಿವೆ. ತಲೆ ಕಪ್ಪಗೆ ಕಂಡರೆ ಕಿರಿಯ, ಬೆಳ್ಳಗೆ ಕಂಡರೆ ಹಿರಿಯ. ಕೂದಲಿಗೆ ಬಣ್ಣ ಹಚ್ಚುವ ಅಂಗಡಿ ನಮ್ಮೂರಲ್ಲಿಲ್ಲ. ಯಾಕಿಲ್ಲ ಎಂದು ಯಾರೂ ಕೇಳಿದ್ದಿಲ್ಲ.

ಪುರಸಭೆಯವರು ಬೀದಿಗೊಂದರಂತೆ ಮೂವತ್ತಾರು ಚಿತ್ರ ಹಿಡಿಯುವ ಕಪ್ಪುಬಿಳುಪು ರೀಲು ಕೊಡುತ್ತಾರೆ. ಅದರಲ್ಲಿ ಬೀದಿಯವರ ಚಿತ್ರ ತೆಗೆದು, ಮನೆಯಲ್ಲೇ ತೊಳೆದು, ತುಂಡು ಮಾಡದೆ ತಂದೊಪ್ಪಿಸಬೇಕು. ಸುಣ್ಣದ ಬೀದಿಯಲ್ಲಿ ಈ ಕೆಲಸವನ್ನು ಮೊದಲು ನನ್ನ ಅಪ್ಪ ಮಾಡುತ್ತಿದ್ದರು. ಅವರು ಹೋದ ಮೇಲೆ ನನ್ನ ಪಾಲಿಗೆ ಬಂತು. ಉಳಿದ ದಿನಗಳಲ್ಲಿ ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ.

ತೊಳೆಯುವುದೆಂದರೆ ಹೀಗೆ. ಬಚ್ಚಲಿನ ಗವಾಕ್ಷಿಗೆ ಕಂಬಳಿ ಬಡಿದು ಕತ್ತಲೆ ಮಾಡಿಕೊಳ್ಳಬೇಕು. ಗೋಡೆಯ ಉದ್ದಕ್ಕೂ ಬೇಸಿನ್ನುಗಳು ಸಾಲಾಗಿರುತ್ತವೆ. ಮೊದಲನೆಯದರಲ್ಲಿ ಡೆವಲಪರ್. ಅದರಲ್ಲಿ ರೀಲು ಆಡಿಸಿದರೆ ಚಿತ್ರ ಉಲ್ಟಾ ಮೂಡುತ್ತದೆ, ಬಿಳಿಯೆಲ್ಲ ಕಪ್ಪು, ಕಪ್ಪೆಲ್ಲ ಬಿಳಿ. ನೀರಲ್ಲಿ ಜಾಲಿಸಿ ಪರ್ಮಾಂಗನೇಟಿನ ನೇರಳೆ ನೀರಿಗೆ ಹಾಕಿದರೆ ಅದು ಈ ಉಲ್ಟಾ ಚಿತ್ರವನ್ನು ತಿಂದು ಹಾಕುತ್ತದೆ. ಆಮೇಲೆ ಕಲೆ ತೆಗೆಯುವ ಸಲ್ಫೈಟಿನ ನೀರು. ಆಮೇಲೆ ರೀಲಿಗೆ ಬಲ್ಬಿನ ಬೆಳಕು ತೋರಿಸಿ ಮತ್ತೊಮ್ಮೆ ಡೆವಲಪರಿಗೆ ಹಾಕಿದರೆ, ತಿನ್ನದೆ ಉಳಿದದ್ದೆಲ್ಲ ಕಪ್ಪಾಗಿ, ಚಿತ್ರ ನೆಟ್ಟಗೆ ಬರುತ್ತದೆ. ಕಟ್ಟಕಡೆಗೆ ಹೈಪೋ. ಹೈಪೋ ಮುಟ್ಟಿತೆಂದರೆ ಮುಗಿಯಿತು, ಆ ಹೊತ್ತಿಗೆ ಹೇಗಿದೆಯೋ ಹಾಗೆ ರೀಲು ನಿಂತುಬಿಡುತ್ತದೆ.

ಆ ವರ್ಷ ನೇರಳೆ ನೀರಿನ ಜಾಗದಲ್ಲಿ ಹೈಪೋ ಇತ್ತು. ಕತ್ತಲೆಯಲ್ಲಿ ನನಗೆ ಗೊತ್ತಾಗಲಿಲ್ಲ. ದೀಪ ಹಾಕಿ ನೋಡಿದರೆ ರೀಲಿನ ತುಂಬ ನಮ್ಮ ಬೀದಿಯವರು ಕರೀ ಮುಖ, ಬಿಳೀ ಕೂದಲು ಹೊತ್ತುಕೊಂಡು ನನ್ನನ್ನೇ ನೋಡುತ್ತಿದ್ದರು. ಇನ್ನು ಆ ರೀಲಿಗೆ ಬಲ್ಬು ತೋರಿಸಿದರೂ ಒಂದೇ, ಸೂರ್ಯನನ್ನು ತೋರಿಸಿದರೂ ಒಂದೇ.

ಮರುದಿನವೇ ಗೋಡೆ ದಿನ. ಬೆಳಿಗ್ಗೆ ಎದ್ದವಳೇ ಶಂಭುರಾಯರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಹಲ್ಲುಜ್ಜುತ್ತಿದ್ದರು. ಬಾಯಿ ಮುಕ್ಕಳಿಸಿ ಕೇಳಿದರು, "ರೀಲು ತುಂಡಾಗಿದೆಯೇನಮ್ಮ?"

"ಇಲ್ಲ ಸರ್. ಆದ್ರೆ ಎಲ್ಲಾ ಉಲ್ಟಾ ಬಂದಿದೆ."

"ಉಲ್ಟಾ ಅಂತ ಒಂದು ಕಲಮು ನನ್ನ ಪುಸ್ತಕದಲ್ಲಿಲ್ಲ. ನನಗೆ ಗೊತ್ತಿರೋದನ್ನ ನಾನು ಬರೆಯೋ ಹಾಗಿಲ್ಲ. ಕಂಡದ್ದು ಮಾತ್ರ ಬರೀಬೇಕು. ತಗೊಂಡು ಬನ್ನಿ."

ತೆಗೆದುಕೊಂಡು ಹೋದೆ. ಗೋದಾಮಿನಲ್ಲಿ ನಮ್ಮ ಬೀದಿಯ ಸರದಿ ಬಂದಾಗ ಶಂಭುರಾಯರು ಪ್ರತಿ ವರ್ಷದ ಅದೇ ದನಿಯಲ್ಲಿ ಓದಿದರು. ಅನಸೂಯ, ಅಂದರೆ ನಾನು, ಮೂವತ್ತೆಂಟು ವರ್ಷದವಳು, ಹಿರಿಯಳು. ಹಾಲೇಶ, ಹಿರಿಯ. ಇಪ್ಪತ್ತೆರಡರ ಹೇಮಾವತಿ, ಹಿರಿಯಳು. ಐದು ವರ್ಷದ ಚಿನ್ಮಯಿ, ಹಿರಿಯಳು. ಬೋಳುತಲೆಯ ಚಂದ್ರಾಚಾರಿಯ ತಲೆ ಗೋಡೆಯ ಮೇಲೆ ಕಾಡಿಗೆಯಂತೆ ಕಪ್ಪಗಿತ್ತು. "ದಟ್ಟ ಕೂದಲು, ಕಿರಿಯ" ಎಂದು ಓದಿ ಶಂಭುರಾಯರು ಮುಂದಿನ ಚಿತ್ರಕ್ಕೆ ಹೋದರು. ಕೊನೆಗೆ ಬೀದಿಯ ತುದಿಮನೆಯ ಕೆಂಚಮ್ಮ, ಎಪ್ಪತ್ತಮೂರು ವರ್ಷ, ಹತ್ತಿಯಂಥ ತಲೆ. ಗೋಡೆಯ ಮೇಲೆ ಅದು ಕಾಗೆಯ ರೆಕ್ಕೆ. ಕಿರಿಯಳು.

ಯಾರೂ ಗಲಾಟೆ ಮಾಡಲಿಲ್ಲ. ನಮ್ಮೂರಲ್ಲಿ ಗೋಡೆಯ ಎದುರು ಗಲಾಟೆ ಮಾಡುವ ರೂಢಿಯಿಲ್ಲ. ಮನೆಗೆ ಬರುವ ದಾರಿಯಲ್ಲಿ ಹಾಲೇಶ ಮಾತ್ರ, "ನಾನು ಆ ಬೇಸಿನ್ ಸರಿಸಿದ್ದು ಒಂದೇ ಒಂದು ಚೊಂಬು ನೀರು ಹುಯ್ಕೊಳ್ಳೋಕೆ" ಎಂದ. ರಸ್ತೆ ದಾಟುವಾಗ ಯಾರೋ ಬಂದು ಅವನ ಮೊಳಕೈ ಹಿಡಿದುಕೊಂಡರು.

ಹಾಲೇಶ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕಂಬ ಹತ್ತುವುದೆಂದರೆ ಅವನಿಗೆ ಪ್ರಾಣ. ಇಲಾಖೆಯವರು ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಊರುಗೋಲು ಕೊಟ್ಟು ಮನೆಗೆ ಕಳಿಸಿದರು. ಆರೋಗ್ಯ ಕೇಂದ್ರದವರು ಬಂದು ಕಣ್ಣಿನ ಪೊರೆ ಪರೀಕ್ಷೆಗೆಂದು ಕರೆದೊಯ್ದರು. ಪೊರೆ ಸಿಗದಿದ್ದಕ್ಕೆ ಮುಂದಿನ ತಿಂಗಳು ಮತ್ತೆ ಬರಲು ಹೇಳಿದರು. ನನ್ನ ಹತ್ತಿರ ರವಿಕೆ ಹೊಲಿಸುವ ಹೆಂಗಸರು "ಬಿಡಿ ಅಜ್ಜಿ, ನಾವು ಪೋಣಿಸಿ ಕೊಡ್ತೀವಿ" ಎಂದು ಸೂಜಿ ಕಿತ್ತುಕೊಳ್ಳತೊಡಗಿದರು. ಮನೆಯಲ್ಲಿ ಅಲ್ಲಿಯವರೆಗೆ ನಾನೂ ಹಾಲೇಶನೂ ನೀನು ತಾನು ಎನ್ನುತ್ತಿದ್ದವರು. ಇಬ್ಬರೂ ಹಿರಿಯರಾದ ಮೇಲೆ ಬಹುವಚನ ಬಳಸಲೇಬೇಕಾಯಿತು. "ನೀವು ಸಾರಿಗೆ ಉಪ್ಪೇ ಹಾಕಿಲ್ಲ", "ನೀವು ಬಾಯಿ ಮುಚ್ಚಿಕೊಂಡು ಊಟ ಮಾಡಿ" ಎಂದು ನಾವು ಬಹಳ ಮರ್ಯಾದೆಯಿಂದ ಜಗಳವಾಡಿದೆವು.

ಹೇಮಾವತಿಯನ್ನು ನೋಡಲು ಗೊತ್ತು ಮಾಡಿಕೊಂಡಿದ್ದ ಗಂಡಿನವರು ಹೇಳಿದ ದಿನವೇ ಬಂದರು. ಬಂದು, ಅವಳ ಕಾಲಿಗೆ ಬಿದ್ದು, ಹುಡುಗನಿಗೆ ಬೇರೆ ಒಳ್ಳೆಯ ಕಡೆ ಹೆಣ್ಣು ಸಿಗಲಿ ಎಂದು ಆಶೀರ್ವಾದ ಮಾಡಿಸಿಕೊಂಡು ಹೋದರು. ಅವಳು ಆ ವರ್ಷವೆಲ್ಲ ನಗುನಗುತ್ತಲೇ ಇದ್ದಳು. ಬೀದಿಯ ನ್ಯಾಯವೆಲ್ಲ ಕಟ್ಟೆಯ ಮೇಲೆ ಕೂತ ಚಿನ್ಮಯಿಯ ಹತ್ತಿರ ಹೋಗುತ್ತಿತ್ತು. ಅವಳ ತೀರ್ಪು ಯಾವಾಗಲೂ ಒಂದೇ, ಇಬ್ಬರೂ ಸಾರಿ ಕೇಳಬೇಕು. ಹನ್ನೊಂದು ವರ್ಷ ಎಳೆದಾಡಿದ ಒಂದು ಬಚ್ಚಲ ಮೋರಿಯ ಜಗಳ ಹಾಗೆಯೇ ಬಗೆಹರಿಯಿತು.

ಒಂದು ಮಧ್ಯಾಹ್ನ ಕೆಂಚಮ್ಮ ನಮ್ಮ ಮನೆಗೆ ಬಂದರು. ಅವರ ಗಂಡ ಪಾತ್ರೆಗೆ ಕಲಾಯಿ ಹಾಕುವವರು, ಒಡೆದ ಕೊಡಕ್ಕೆ ಬೆಸುಗೆ ಹಚ್ಚುವವರು. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಕೆಂಚಮ್ಮನ ಕೈಯಲ್ಲಿ ಒಂದು ಅರ್ಜಿ ಇತ್ತು. ಹಾಲೇಶ ಜಗಲಿಯ ಮೇಲೆ ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಕಂಬವನ್ನು ನೋಡುತ್ತ ಕೂತಿದ್ದ.

"ತಾತಾ, ಒಂದು ಸಹಿ ಬೇಕಿತ್ತು" ಎಂದರು ಕೆಂಚಮ್ಮ.

ತಾತ ಅಂದದ್ದು ತನಗೇ ಎಂದು ಹಾಲೇಶನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಜಿ ನೋಡಿದ. ಊರಾಚೆಯ ಕೈಗಾರಿಕಾ ತರಬೇತಿ ಶಾಲೆ, ಬೆಸುಗೆ ವಿಭಾಗ, ಎರಡು ವರ್ಷದ ಕೋರ್ಸು. ಕಿರಿಯರಿಗೆ ಮಾತ್ರ. ಕೆಳಗೆ ಪೋಷಕರ ಸಹಿಗೆ ಜಾಗ.

"ಇದೆಲ್ಲಾ ಯಾಕೆ ನಿಂಗೆ?" ಎಂದು ಹಾಲೇಶ ಕೇಳಿದ. ಏಕವಚನ ನಾಲಿಗೆಯಲ್ಲಿ ತೊಡರಿತು.

"ನಲವತ್ತೊಂದು ವರ್ಷ ನಮ್ಮೋರ ಕುಲುಮೆಗೆ ತಿದಿ ಒತ್ತಿದೀನಿ. ಒಂದು ದಿನ, ನಾನೂ ಒಂದು ಕೊಡಕ್ಕೆ ಬೆಸುಗೆ ಹಾಕ್ತೀನಿ ಕಣ್ರೀ ಅಂದೆ. ಕೈ ಸುಟ್ಕೋತೀಯ, ಒತ್ತು ಅಂದ್ರು. ಒತ್ತಿದೆ. ಕೆಟ್ಟೋರೇನಲ್ಲ ಪಾಪ. ಆದ್ರೆ ಕೊಡಲಿಲ್ಲ."

ಹಾಲೇಶ ಸಹಿ ಹಾಕಿದ. ಹಾಕಿ, ಮೊದಲ ದಿನ ತಾನೇ ಜೊತೆಗೆ ಹೋಗಿ ಬಿಟ್ಟು ಬಂದ. ಆಮೇಲೆ ಅದು ಅವನಿಗೆ ಅಭ್ಯಾಸವಾಯಿತು. ತಿಂಗಳ ಕೊನೆಯ ಶನಿವಾರ ಪೋಷಕರ ಸಭೆ ಇರುತ್ತಿತ್ತು. ಬಿಳಿ ಪಂಚೆ ಉಟ್ಟು ಹೋಗಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಬೆಸುಗೆ ಕಲಿಸುವ ದಸ್ತಗೀರ್ ಮೇಷ್ಟ್ರು ಒಮ್ಮೆ, "ನಿಮ್ಮ ಹುಡುಗಿ ಚುರುಕಿದ್ದಾಳೆ ಯಜಮಾನ್ರೇ, ಆದ್ರೆ ಮಾತು ಕೇಳಲ್ಲ. ಮುಖಕ್ಕೆ ಕಪ್ಪು ಗಾಜು ಹಿಡಿಯದೆ ಕಿಡಿ ನೋಡ್ತಾಳೆ" ಎಂದು ದೂರು ಹೇಳಿದರು. ಬರುವ ದಾರಿಯುದ್ದಕ್ಕೂ ಹಾಲೇಶ ಕೆಂಚಮ್ಮನಿಗೆ ಬೈದ. ಅವರು ತಲೆ ತಗ್ಗಿಸಿಕೊಂಡು ಕೇಳಿದರು. ಮನೆಗೆ ಬಂದು ಅವನು ನನಗೆ ಹೇಳಿದ, "ಸ್ವಲ್ಪ ಜಾಸ್ತಿ ಅಂದುಬಿಟ್ಟೆ ಅನ್ಸುತ್ತೆ. ನೀವು ಒಂದು ಲೋಟ ಮಜ್ಜಿಗೆ ಕೊಟ್ಟು ಬನ್ನಿ."

ಹಾಗೆ ವರ್ಷ ಕಳೆಯಿತು. ಪುರಸಭೆಯಿಂದ ಹೊಸ ರೀಲು ಬಂತು. ಬೀದಿಯವರು ಕಟ್ಟೆಯ ಹತ್ತಿರ ಸೇರಿದರು. ಮಾತೇನೂ ಬಹಳ ಆಗಲಿಲ್ಲ. ಕೆಲಸ ಬಿಟ್ಟ ಗಂಡಸರಿಗೆ ಕೆಲಸ ಬೇಕಿತ್ತು. ಕಿರಿಯರ ಕಲಮಿಗೆ ಹೋಗಿದ್ದ ಮುದುಕರಿಗೆ ಬೆಳಿಗ್ಗೆ ಐದಕ್ಕೆ ಎದ್ದು ಕವಾಯತಿಗೆ ಹೋಗಿ ಹೋಗಿ ಸಾಕಾಗಿತ್ತು. ಹೇಮಾವತಿ ಕೂಡ, "ಆಯ್ತು, ಒಂದು ವರ್ಷ ಸಿಕ್ತಲ್ಲ" ಎಂದಳು. ಚಂದ್ರಾಚಾರಿ ಮಾತ್ರ ಬಾಚಣಿಗೆಯನ್ನು ಕಿಸೆಯಿಂದ ತೆಗೆದು ನೋಡಿ ಮತ್ತೆ ಒಳಗಿಟ್ಟುಕೊಂಡ. ಈ ಸಲ ನೆಟ್ಟಗೆ ತೊಳೆಯಬೇಕೆಂದು ಎಲ್ಲರೂ ನನಗೆ ಹೇಳಿದರು. ಕೆಂಚಮ್ಮ ಒಬ್ಬರು ತರಬೇತಿ ಶಾಲೆಯ ಖಾಕಿ ಅಂಗಿಯ ತೋಳಿನಲ್ಲಿ ಕಿಡಿ ಬಿದ್ದು ಆದ ತೂತನ್ನು ಬೆರಳಿನಿಂದ ಸವರುತ್ತ ನಿಂತಿದ್ದರು.

ಸಭೆ ಮುಗಿದ ಮೇಲೆ ಅವರ ಹಿಂದೆಯೇ ಹೋಗಿ ಕೇಳಿದೆ, "ಇನ್ನೊಂದು ವರ್ಷ ಬಾಕಿ ಇದೆಯಲ್ಲ?"

"ಇದೆ. ಅಡ್ಡ ಬೆಸುಗೆ ಮುಗೀತು. ತಲೆ ಮೇಲೆ ಹಾಕೋ ಬೆಸುಗೆ ಎರಡನೇ ವರ್ಷಕ್ಕಂತೆ." ಸ್ವಲ್ಪ ತಡೆದು ಹೇಳಿದರು, "ಇರಲಿ ಬಿಡವ್ವ. ಮೂವತ್ತೈದು ಮಂದಿ ನನ್ನೊಬ್ಬಳಿಗೋಸ್ಕರ ಮುದುಕರಾಗೋಕೆ ಆಯ್ತದಾ?"

ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ರೀಲು ಒಂದೇ, ಕತ್ತರಿಸುವ ಹಾಗಿಲ್ಲ. ಎರಡು ದಿನ ಹೊಲಿಗೆ ಯಂತ್ರದ ಮುಂದೆ ಕೂತು ಯೋಚಿಸಿದೆ. ಮೂರನೆಯ ದಿನ ಯಾರದೋ ಸೀರೆಯ ಸೆರಗಿನ ತುದಿಗೆ ಮಾತ್ರ ಬಣ್ಣ ಹಾಕಿಸಿ ತಂದದ್ದು ಕುಚ್ಚು ಕಟ್ಟಲು ಬಂತು. ಸೀರೆ ಇಡೀ ಬಿಳಿ, ತುದಿ ಮಾತ್ರ ಕೆಂಪು. ತುದಿಯನ್ನು ಅದ್ದಿದ್ದಾರೆ, ಉಳಿದದ್ದನ್ನು ಮೇಲೆ ಹಿಡಿದಿದ್ದಾರೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹಾಲೇಶನ ಹತ್ತಿರ ಹೋದೆ.

"ಕೆಂಚಮ್ಮನ ಚಿತ್ರ ಕೊನೇಲಿ ತೆಗೀತೀನಿ" ಎಂದೆ. "ಮೊದಲ ಡೆವಲಪರ್ ಆದಮೇಲೆ ಕತ್ತಲಲ್ಲೇ ರೀಲಿನ ಬುಡ ಮಾತ್ರ ನಾಲ್ಕು ಬೆರಳು ಹೈಪೋಗೆ ಅದ್ದುತೀನಿ. ಅದು ಉಲ್ಟಾ ನಿಂತುಬಿಡುತ್ತೆ. ಆಮೇಲೆ ಆ ತುದೀನ ಬೇಸಿನ್ನಿನ ಹೊರಗೆ ಹಿಡ್ಕೊಂಡು, ಉಳಿದದ್ದನ್ನ ನೇರಳೆ ನೀರಿಗೆ ಬಿಡ್ತೀನಿ. ರೀಲು ತುಂಡಾಗಲ್ಲ. ಶಂಭುರಾಯರು ಕಂಡದ್ದು ಬರ್ಕೋತಾರೆ."

ಹಾಲೇಶ ಸೀರೆಯ ಕೆಂಪು ಬಿಳಿ ಸೇರುವ ಜಾಗದ ಮೇಲೆ ಬೆರಳಿಟ್ಟ. "ಪಕ್ಕದ ಚಿತ್ರ?"

ಅದೇ ತೊಡಕಾಗಿತ್ತು. ನೀರು ಅಳತೆ ಕೇಳುವುದಿಲ್ಲ, ಬೆರಳಿನ ಗೆರೆ ಮೀರಿ ಮೇಲೇರುತ್ತದೆ. ಮೂವತ್ತೈದನೆಯ ಚಿತ್ರ ಏನಾಗುತ್ತದೆಂದು ಹೇಳಲು ನನಗೆ ಸಾಧ್ಯವಿರಲಿಲ್ಲ. ಹಿಂದಿನ ವರ್ಷದ ಹಾಗೆ ಒಂದು ಖಾಲಿ ಚಿತ್ರ ಬಿಡೋಣವೆಂದರೆ ಅದೂ ಆಗುತ್ತಿರಲಿಲ್ಲ. ಆಷಾಢದಲ್ಲಿ ಬೀದಿಯಲ್ಲಿ ಒಂದು ಕೂಸು ಹುಟ್ಟಿ ನಾವು ಸರಿಯಾಗಿ ಮೂವತ್ತಾರಾಗಿದ್ದೆವು.

"ಆ ಜಾಗದಲ್ಲಿ ನಾನು ನಿಲ್ತೀನಿ" ಎಂದೆ. "ನನ್ನ ಹೊಲಿಗೆ ಹೇಗಿದ್ರೂ ನಡೆಯುತ್ತೆ."

"ನೀವು ಬೇಡ. ನಾನು ನಿಲ್ತೀನಿ."

"ನಿಮ್ಮ ಕಂಬ?"

ಅವನು ಎದುರಿನ ಕಂಬದ ಕಡೆ ನೋಡಲಿಲ್ಲ. "ಮುಂದಿನ ವರ್ಷ ಅವಳ ಪ್ರೋಗ್ರೆಸ್ ಕಾರ್ಡಿಗೆ ಸಹಿ ಯಾರು ಹಾಕ್ತಾರೆ? ಹಿರಿಯರು ಬೇಕಲ್ಲ. ಈ ಬೀದೀಲಿ ಬೇರೆ ಯಾರಿಗಾದ್ರೂ ಗೊತ್ತಾ, ಅವಳು ಗಾಜು ಹಿಡಿಯಲ್ಲ ಅನ್ನೋದು? ನಾನು ಪೂರ್ತಿ ಹುಡುಗ ಆಗ್ಬಿಟ್ರೂ ಕಷ್ಟ."

ಭಾನುವಾರ ನಮ್ಮ ಮನೆಯ ಗೋಡೆಗೆ ಬಿಳಿ ದುಪ್ಪಟಿ ಕಟ್ಟಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಚಿತ್ರ ತೆಗೆದೆ. ಸೋಮವಾರ ಮಧ್ಯಾಹ್ನ ಹಾಲೇಶ ಬಚ್ಚಲಿನ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತ. ಸ್ನಾನ ಎನ್ನುವ ಮಾತನ್ನೇ ಎತ್ತಲಿಲ್ಲ. ಒಳಗೆ ಕತ್ತಲೆಯಲ್ಲಿ ನಾನು ಒಂದೊಂದು ಬೇಸಿನ್ನನ್ನೂ ಮೂಸಿ ನೋಡಿದೆ. ಡೆವಲಪರ್ ಆಯಿತು, ನೀರಾಯಿತು. ರೀಲಿನ ಬುಡದಲ್ಲಿ ನಾಲ್ಕು ಬೆರಳು ಅಳೆದು, ಉಸಿರು ಬಿಗಿಹಿಡಿದು ಹೈಪೋದ ಲೋಟಕ್ಕೆ ಇಳಿಸಿದೆ. ಇನ್ನೂರರವರೆಗೆ ಎಣಿಸಿದೆ. ಆಮೇಲೆ ತುದಿಯನ್ನು ತೊಳೆದು ಹಲ್ಲಲ್ಲಿ ಕಚ್ಚಿಕೊಂಡು ಉಳಿದ ರೀಲನ್ನು ನೇರಳೆ ನೀರಿನಲ್ಲಿ ಆಡಿಸಿದೆ. ಬಾಯಿ ಎರಡು ದಿನ ತುಕ್ಕು ನೆಕ್ಕಿದ ಹಾಗಿತ್ತು.

ಹೊರಗಿನಿಂದ ಹಾಲೇಶ ಕೇಳಿದ, "ಏನಾಯ್ತು?" ಬಾಯಲ್ಲಿ ರೀಲು ಇದ್ದದ್ದರಿಂದ ನಾನು ಉತ್ತರ ಕೊಡಲಿಲ್ಲ.

ಗೋಡೆ ದಿನ ನಮ್ಮ ರೀಲು ನೆಟ್ಟಗೆ ಓಡಿತು. ಒಬ್ಬೊಬ್ಬರೂ ತಮ್ಮ ತಮ್ಮ ವಯಸ್ಸಿಗೆ ಮರಳಿದರು. ಚಿನ್ಮಯಿ, ಕಿರಿಯಳು. ಅವಳು ಅಮ್ಮನ ಸೊಂಟದಿಂದಲೇ "ಹೂಂ" ಎಂದಳು. ಮೂವತ್ತನಾಲ್ಕು ಚಿತ್ರ ಹೀಗೆ ಹೋದವು. ಮೂವತ್ತೈದನೆಯದು ಬಂದಾಗ ಶಂಭುರಾಯರು ಓದುವುದನ್ನು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಗೋಡೆಯ ಮೇಲೆ ಹಾಲೇಶನ ಮುಖದ ನಡುವೆ, ಬೈತಲೆಯಿಂದ ಗದ್ದದವರೆಗೆ, ಗೆರೆ ಎಳೆದ ಹಾಗೆ ಸೀಳಿತ್ತು. ಬಲಗಡೆ ಕಪ್ಪು ಕೂದಲು, ಎಡಗಡೆ ಬಿಳಿ. ಗೋದಾಮಿನಲ್ಲಿ ಯಾರೋ ಕೆಮ್ಮಿದರು. ಶಂಭುರಾಯರು ಪುಸ್ತಕವನ್ನು ನೋಡಿದರು, ಗೋಡೆಯನ್ನು ನೋಡಿದರು. ಕಂಡದ್ದನ್ನು ಬರೆಯದೆ ಅವರಿಗೆ ಬೇರೆ ದಾರಿಯಿರಲಿಲ್ಲ.

"ಹಾಲೇಶ" ಎಂದು ಓದಿದರು. "ಬಲಭಾಗ ಕಿರಿಯ. ಎಡಭಾಗ ಹಿರಿಯ." ಎರಡೂ ಕಲಮುಗಳಲ್ಲಿ ಬರೆದುಕೊಂಡು ಮುಂದುವರಿದರು. "ಕೆಂಚಮ್ಮ, ಕಿರಿಯಳು."

ನನ್ನ ಪಕ್ಕದಲ್ಲಿ ನಿಂತಿದ್ದ ಕೆಂಚಮ್ಮ ಗೋಡೆಯನ್ನು ನೋಡಲಿಲ್ಲ. ನೇರಳೆ ಕಲೆಯಾಗಿದ್ದ ನನ್ನ ಬೆರಳುಗಳನ್ನು ಹಿಡಿದುಕೊಂಡರು, ಚಿತ್ರ ಹೋಗಿ ದೀಪ ಹತ್ತುವವರೆಗೆ ಬಿಡಲಿಲ್ಲ.

ಇಲಾಖೆಯವರು ಸಭೆ ಸೇರಿ, ಹಾಲೇಶನನ್ನು ಅರ್ಧ ದಿನದ ಕೆಲಸಕ್ಕೆ ತೆಗೆದುಕೊಂಡರು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಕಂಬ ಹತ್ತುತ್ತಿದ್ದ, ಮಧ್ಯಾಹ್ನ ಊರುಗೋಲು ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದ. ಬಸ್ಸಿನಲ್ಲಿ ಎಡಗಡೆ ಕೂತವರು ಎದ್ದು ಜಾಗ ಬಿಡುತ್ತಿದ್ದರು, ಬಲಗಡೆಯ ಮುದುಕರು ಅವನನ್ನು ಎಬ್ಬಿಸುತ್ತಿದ್ದರು. ಅವನು ಒರಗಿಕೊಂಡು ನಿಲ್ಲುವುದನ್ನು ಕಲಿತ. ಮನೆಯಲ್ಲಿ ನಾನು ಕಿರಿಯಳಾಗಿದ್ದೆ. ಯಾವ ಕಡೆಯಿಂದ ಮಾತಾಡುತ್ತೇನೆ ಎಂಬುದರ ಮೇಲೆ ನೀನು ಅಥವಾ ನೀವು ಎನ್ನಬೇಕಿತ್ತು. ಹಾಗಾಗಿ ಜಗಳ ಬಂದಾಗ ನಾನು ಬಲಗಡೆಗೆ ಹೋಗಿ ನಿಲ್ಲುತ್ತಿದ್ದೆ.

ತೊಂದರೆ ಬಂದದ್ದು ಸಹಿಯಲ್ಲಿ. ಹಿರಿಯ ಭಾಗ ಎಡಗಡೆಯದಾದ್ದರಿಂದ ಎಡಗೈಯಲ್ಲೇ ಸಹಿ ಹಾಕಬೇಕೆಂದು ತರಬೇತಿ ಶಾಲೆಯವರು ಕಾಗದ ಕಳಿಸಿದರು. ಹಾಲೇಶ ಎಡಗೈಯಲ್ಲಿ ಒಂದಕ್ಷರ ಬರೆದವನಲ್ಲ. ನನ್ನ ಸೀಮೆಸುಣ್ಣ ತೆಗೆದುಕೊಂಡು ಜಗಲಿಯ ನೆಲದ ಮೇಲೆ ಹಾ, ಲೇ, ಶ ಎಂದು ತಿಂಗಳುಗಟ್ಟಲೆ ತಿದ್ದಿದ. ಸಂಜೆ ತರಬೇತಿಯಿಂದ ಬಂದ ಕೆಂಚಮ್ಮ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಶ-ದ ಹೊಟ್ಟೆ ಇನ್ನೂ ದುಂಡಗೆ ಬರಲಿ ತಾತ" ಎನ್ನುತ್ತಿದ್ದರು. ಅವರ ಮೊಳಕೈವರೆಗೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಸುಟ್ಟ ಕಲೆಗಳಿದ್ದವು. ಅವನ್ನು ಅವರು ಮುಚ್ಚಿಕೊಳ್ಳುತ್ತಿರಲಿಲ್ಲ.

ಕೊನೆಯ ಪರೀಕ್ಷೆ ಮುಂದಿನ ಗೋಡೆ ದಿನಕ್ಕೆ ಒಂಬತ್ತು ದಿನ ಮೊದಲು ಬಂತು. ಪೋಷಕರು ಇರಬೇಕೆಂದಿದ್ದರಿಂದ ಹಾಲೇಶ ಹೊರಟ, ನಾನೂ ಜೊತೆಗೆ ಹೋದೆ. ತಲೆಯ ಮೇಲೆ ಅಡ್ಡಲಾಗಿ ಕಟ್ಟಿದ ಎರಡು ಕಬ್ಬಿಣದ ಪಟ್ಟಿಗಳನ್ನು ಕೆಳಗಿನಿಂದ ಬೆಸೆಯಬೇಕಿತ್ತು. ಕೆಂಚಮ್ಮ ಕತ್ತು ಹಿಂದಕ್ಕೆ ಬಾಗಿಸಿ, ಕಿಡಿ ಬಿಟ್ಟು ಬೇರೇನೂ ಕಾಣದ ಕಪ್ಪು ಗಾಜನ್ನು ಮುಖಕ್ಕೆ ಹಿಡಿದು, ಹನ್ನೆರಡು ನಿಮಿಷ ಒಂದೇ ಸಮನೆ ನಿಂತರು. ಕಿಡಿಗಳು ಅವರ ಭುಜದ ಮೇಲಿಂದ ಉದುರಿ ನೆಲದಲ್ಲಿ ಪುಟಿದವು. ಮುಗಿದ ಮೇಲೆ ದಸ್ತಗೀರ್ ಮೇಷ್ಟ್ರು ಪಟ್ಟಿಯನ್ನು ಇಳಿಸಿ, ಇಕ್ಕಳದಲ್ಲಿ ಬಿಗಿದು, ದೊಡ್ಡ ಸುತ್ತಿಗೆಯಿಂದ ಬೆಸುಗೆಯ ಪಕ್ಕಕ್ಕೆ ಹೊಡೆದರು. ಒಂದು. ಎರಡು. ಮೂರನೆಯ ಏಟಿಗೆ ಕಬ್ಬಿಣ ಬಗ್ಗಿತು. ಬೆಸುಗೆ ಬಿಡಲಿಲ್ಲ.

"ಪಾಸು" ಎಂದರು ಮೇಷ್ಟ್ರು. "ಹಿರಿಯರು ಬಂದಿದ್ದಾರಾ? ಇಲ್ಲಿ ಸಹಿ ಮಾಡ್ಬೇಕು."

ಹಾಲೇಶ ಎಡಭಾಗವನ್ನು ಮುಂದೆ ಮಾಡಿಕೊಂಡು ಮೇಜಿನ ಹತ್ತಿರ ಹೋದ. ಎಡಗೈಯಲ್ಲಿ ಲೇಖನಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಮೂರಕ್ಷರ ಬರೆದ. ಶ-ದ ಹೊಟ್ಟೆ ದುಂಡಗೆ ಬಂತು.

ಕೆಂಚಮ್ಮ ಗಾಜು ಕೆಳಗಿಟ್ಟು ಬಂದರು. ಊರಿನ ಪದ್ಧತಿಯಂತೆ, ಬಗ್ಗಿ, ಅವನ ಎಡಗಾಲನ್ನು ಮಾತ್ರ ಮುಟ್ಟಿ ಕಣ್ಣಿಗೊತ್ತಿಕೊಂಡರು. ಏಳುವಾಗ ಮಂಡಿ ನೋವಿಗೆ ಸ್ವಲ್ಪ ತಡವಾಯಿತು. ಅವರು ಎದ್ದು ನಿಂತ ಮೇಲೆ ಹಾಲೇಶ ಒಂದು ಕ್ಷಣ ಅತ್ತಿತ್ತ ನೋಡಿದ. ಆಮೇಲೆ, ಕಿರಿಯಳೆಂದು ಎರಡು ವರ್ಷ ಪುಸ್ತಕದಲ್ಲಿ ಬರೆಸಿಕೊಂಡ ಆ ಹೆಂಗಸಿನ ಮುಂದೆ ತಾನೂ ಬಗ್ಗಿ, ಬಲಗೈಯಿಂದ ಅವರ ಎರಡೂ ಪಾದಗಳನ್ನು ಮುಟ್ಟಿದ.

ನಮ್ಮೂರಲ್ಲಿ ಕಿರಿಯರ ಕಾಲನ್ನು ಯಾರೂ ಮುಟ್ಟುವ ಹಾಗಿಲ್ಲ. ದಸ್ತಗೀರ್ ಮೇಷ್ಟ್ರು ಮೇಜಿನ ಮೇಲಿದ್ದ ಕಪ್ಪು ಗಾಜನ್ನು ತೆಗೆದುಕೊಂಡು ತಮ್ಮ ಮುಖಕ್ಕೆ ಹಿಡಿದರು, ಅವನು ಎದ್ದು ನಿಲ್ಲುವವರೆಗೂ ಹಿಡಿದುಕೊಂಡೇ ಇದ್ದರು.